ವಾಣಿಶ್ರೀಯ ಇನ್ನೂ ಬಾರದ ಔಷಧಿ

ಪ್ರಯೋಗಾಲಯದ ಇಲಿಯಲ್ಲಿ ಗೆಡ್ಡೆ ಕುಗ್ಗಿತೆಂದರೆ ಮನುಷ್ಯನಿಗೆ ಔಷಧಿ ಸಿಕ್ಕಿತೆಂದಲ್ಲ. ಇಷ್ಟು ಎಲ್ಲರಿಗೂ ಗೊತ್ತಿರಬೇಕಿತ್ತು, ಪತ್ರಿಕೆಯವರಿಗಾದರೂ. ಗೊತ್ತಿಲ್ಲದ್ದರಿಂದಲೇ ರಾವಂದೂರಿನ ವಾಣಿಶ್ರೀ ಒಂದು ಬೆಳಗ್ಗೆ 'ಕ್ಯಾನ್ಸರ್ ಗೆದ್ದ ನಮ್ಮೂರ ಮಗಳು' ಆಗಿಬಿಟ್ಟಳು.

ಅವಳ ಬಾಯಲ್ಲಿ 'ಹೌದು' ಎಂಬ ಮಾತು ಸುಲಭಕ್ಕೆ ಹೊರಡದು. ಮಳೆ ಬರುತ್ತಿದೆಯೇ ಎಂದರೂ ಕಿಟಕಿಯಾಚೆ ಕೈಚಾಚಿ ನೋಡಿ, "ಬತ್ತಿರಂಗದೆ" ಎನ್ನುತ್ತಾಳೆ. ಮೈಸೂರಿನ ಪ್ರಯೋಗಾಲಯದ ಶೀತಲ ಕೋಣೆಗೆಂದು ಕೊಂಡ, ಮೊಣಕೈ ಸವೆದ ಸ್ವೆಟರನ್ನು ಊರ ಬಿಸಿಲಲ್ಲೂ ತೊಟ್ಟು, ತುಂಬಿದ ಕೊಡ ಹೊತ್ತವಳಂತೆ ಕತ್ತು ಅಲುಗಿಸದೆ ನಡೆಯುವ ಈಕೆ, ಯೌವನವನ್ನೆಲ್ಲ ಒಂದೇ ಕಿಣ್ವದ ಬೆನ್ನಿಗೆ ಕಳೆದವಳು. ಕ್ಯಾನ್ಸರ್ ಕೋಶದ ಬೆಳವಣಿಗೆಗೆ ನೆರವಾಗುವ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುವ ಅಣುವೊಂದನ್ನು ಕಟ್ಟುವುದು, ಸೋಲುವುದು, ತುಸು ತಿದ್ದಿ ಮತ್ತೆ ಕಟ್ಟುವುದು: ಇದೇ ಅವಳ ದಿನಚರಿ. ಇಲಿಯ ಗೆಡ್ಡೆ ಕುಗ್ಗಿಸಿದ್ದು ಹೀಗೆ ಕಟ್ಟಿದ ಅಣುವೊಂದೇ.

ಊರವರು ಸನ್ಮಾನಕ್ಕೆ ಕರೆಸಿದರು. ತಾಯಿಯಿಲ್ಲದ ತನ್ನನ್ನು ಸಾಕಿದ ಚಿಕ್ಕವ್ವ ಸಣ್ಣತಾಯಮ್ಮನ ಮನೆಗೆ ವಾಣಿಶ್ರೀ ಮೊದಲು ಹೋದಳು. ಚಿಕ್ಕವ್ವ ಕದ ಮುಂದೆಮಾಡಿ, ಅವಳ ಕೈಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು.

"ಯಾವಾಗಿಂದ ಚಿಕ್ಕವ್ವ?"

"ಯುಗಾದಿಯಿಂದ ಕಣವ್ವ. ಡಾಕ್ಟ್ರು ದೊಡ್ಡಾಸ್ಪತ್ರೆಗೆ ಓಗು ಅಂದ್ರು. ಮನೇಲೇ ಔಸ್ದಿ ಮಾಡೋಳಿರುವಾಗ ಕಂಡೋರ ಕೈಲಿ ಯಾಕೆ ಕೊಯ್ಸ್ಕಳನೆ? ನಿಂದು ಬರ್ಲಿ ಅಂತ ಕಾಯ್ತಾ ಇವ್ನಿ."

ವಾಣಿಶ್ರೀ ಗದ್ದೆಯ ಲೆಕ್ಕದಲ್ಲೇ ಬಿಡಿಸಿ ಹೇಳಿದಳು. "ತೂಬಿಗೆ ಗೋಣಿಚೀಲ ತುರುಕಿದ್ರೆ ಕಳೆಗೆ ನೀರು ನಿಲ್ತದೆ, ಸರಿ. ಪೈರಿಗೂ ನಿಂತೋದ್ರೆ? ನಂದು ಅಂಥಾ ಕೆಲ್ಸ. ಪೈರು ಉಳೀತದಾ ಅಂತ ಇನ್ನೂ ಗೊತ್ತಾಗಿಲ್ಲ."

"ನನ್ ಮ್ಯಾಲೇ ನೋಡು ಬುಡು. ಇಲಿಗಿಂತ ಕಡೆನಾ ನಾನು?"

ಆಗ ವಾಣಿಶ್ರೀ, ಬದುಕಿನಲ್ಲಿ ಮೊದಲ ಬಾರಿಗೇನೋ, ಅಡ್ಡಗೋಡೆಯ ಮೇಲೆ ದೀಪವಿಡದೆ ಮಾತಾಡಿದಳು: "ನನ್ ಔಷಧಿ ನಿಂಗೆ ಸಿಕ್ಕಲ್ಲ. ಬೇರೆಯೋರು ಎಂದೋ ಮಾಡಿಟ್ಟಿರೋದು ಆಸ್ಪತ್ರೇಲದೆ. ಏಳು, ಸೀರೆ ಉಟ್ಕೊ."

"ಅಂಗಾದ್ರೆ ಇಷ್ಟು ವರ್ಸ ಏನ್ ಕಡ್ದು ಕಟ್ಟೆ ಆಕ್ದೆ?"

ವಾಣಿಶ್ರೀ ಚಿಕ್ಕವ್ವನ ರವಿಕೆಯ ಗುಂಡಿಗಳನ್ನು ತಾನೇ ಹಾಕಿದಳು. ಅತ್ತ ವೇದಿಕೆಯಲ್ಲಿ ಶಾಲು, ಹಣ್ಣಿನ ಬುಟ್ಟಿ ಕಾಯುತ್ತಿದ್ದವು. ಇತ್ತ ಇಬ್ಬರೂ ಮೈಸೂರಿನ ಬಸ್ಸು ಹತ್ತಿದ್ದರು. ಹುಣಸೂರು ದಾಟುವವರೆಗೂ ಮುನಿದು ಕಿಟಕಿಗೆ ಮುಖಮಾಡಿದ್ದ ಸಣ್ಣತಾಯಮ್ಮ, ಆಮೇಲೆ ಸುಮ್ಮನೆ ಅವಳ ಹೆಗಲಿಗೆ ತಲೆಯಾನಿಸಿದಳು. ಈಗ ಚಿಕಿತ್ಸೆ ನಡೆದಿದೆ. ತಡವಾಗಿದೆ, ಕೈಮೀರಿಲ್ಲ ಎಂದಿದ್ದಾರೆ ವೈದ್ಯರು.

ತಾವು ಕಟ್ಟುವುದು ತಮ್ಮವರ ಕಾಲಕ್ಕೆ ಒದಗದೆಂದು ತಿಳಿದೂ ಕಟ್ಟುವವರು ಇಂಥವರು. ತಮ್ಮ ಶ್ರಮವನ್ನು ಒಂದು ಗುಲಗಂಜಿಯಷ್ಟೂ ಹಿಗ್ಗಿಸಿ ಹೇಳದಿರುವುದೇ ಅವರ ಪ್ರೀತಿಯ ರೀತಿ. ನಾವೋ, ಅವರನ್ನು ಕೊಂಡಾಡಿ ನಮ್ಮ ಭಯವನ್ನು ಮುಚ್ಚಿಕೊಳ್ಳುವವರು. ಕೊಂಡಾಟ ಸಾಕು. ನಿಮ್ಮ ಮನೆಯಲ್ಲೂ ನೋವನ್ನು ಸೆರಗಿನಡಿ ಬಚ್ಚಿಟ್ಟ ಹೆಂಗಸೊಬ್ಬಳು ಇದ್ದಾಳು. ಕೇಳಿ. ಇವತ್ತೇ ಕೇಳಿ, ಕರೆದುಕೊಂಡು ಹೊರಡಿ.