ಎಡ ಹೆಗಲಿಗೆ ಬಂದ ಕೋವಿ

ಓಝಾರ್ಕ್ ಬೆಟ್ಟಗಳ ಆ ಕಣಿವೆಯಲ್ಲಿ ಕಾಡು ಟರ್ಕಿ ಕೋಳಿಗಳನ್ನು ಹೆಣ್ಣಿನ ದನಿಯಲ್ಲಿ ಕೂಗಿ ಕರೆಯುವುದರಲ್ಲಿ ವರ್ಜಿಲ್‌ನನ್ನು ಮೀರಿಸುವವರಿರಲಿಲ್ಲ. ಅಂಥವನು ಹೋದ ವಸಂತದಲ್ಲಿ, ಅಂಗಳದಷ್ಟು ಹತ್ತಿರಕ್ಕೆ ಬಂದು ನಿಂತ ಗಂಡು ಹಕ್ಕಿಗೇ ಗುರಿ ತಪ್ಪಿದ. ಕೋವಿಯನ್ನು ಗೋಡೆಗೆ ತೂಗುಹಾಕಿದವನು ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಸೊಸೆ ಮಾರ್ಲಾಗೆ ಕಾರಣ ಗೊತ್ತಿತ್ತು. ಮಾವನ ಬಲಗಣ್ಣಿಗೆ ಮಬ್ಬು ಕವಿದಿತ್ತು; ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಹಿತ್ತಾಳೆ ಮಣಿ ಕಾಣದೆ, ಹಕ್ಕಿಯನ್ನು ಹುಡುಕಲು ಅವನು ಕೋವಿಯಿಂದ ಕೆನ್ನೆ ಎತ್ತುತ್ತಿದ್ದ. ಹಾಗೆತ್ತಿದರೆ ತೋಟಾದ ಸಣ್ಣ ಚರೆಗಳು ಹಕ್ಕಿಯ ತಲೆ ಮೇಲೆ ಹಾರಿಹೋಗುತ್ತವೆ.

ಚಳಿ ಹಿಂಗಿದ ಮೇಲೆ ಒಂದು ಭಾನುವಾರ ಅವಳೇ ಕೋವಿಯನ್ನು ಕೆಳಗಿಳಿಸಿದಳು.

"ಮಾವ, ಎಡಗಣ್ಣು ಚೆನ್ನಾಗಿದೆಯಲ್ಲ. ಎಡ ಹೆಗಲಿಗಿಟ್ಟು ಹೊಡೀರಿ."

"ಈ ವಯಸ್ಸಲ್ಲಿ ಎಡಗೈಯಲ್ಲಿ ಬರೆಯೋದು ಕಲಿ ಅಂದಂಗಾಯ್ತು!"

ಅವಳು ಪೇಟೆಯಿಂದ ತಂದಿದ್ದ ಪುಟ್ಟ ಗಾಜಿನ ಸಾಧನವೊಂದನ್ನು ನಳಿಗೆಯ ಮೇಲೆ ಕೂರಿಸಿದಳು. ಗಾಜಿನೊಳಗೆ ಕೆಂಪು ಚುಕ್ಕೆ ಬೆಳಗಿತು. ಚುಕ್ಕೆ ಎಲ್ಲಿ ಕೂತಿತೋ ಗುರಿ ಅಲ್ಲೇ.

"ಕೋವಿಗೆ ಟಿವಿ ಕಟ್ಟಿದೀಯಲ್ಲೇ!"

"ಮೊದಲು ನೋಡಿ, ಆಮೇಲೆ ಬೈಯಿರಿ."

ಹೊಲದಂಚಿನ ಮಣ್ಣುದಿಬ್ಬಕ್ಕೆ ದೊಡ್ಡ ಕಾಗದ ಆನಿಸಿ ಹೊಡೆದರು. ಚರೆಗಳೆಲ್ಲ ಮೇಲಕ್ಕೂ ಬಲಕ್ಕೂ ಗುಂಪುಗೂಡಿದ್ದವು. ಮಾರ್ಲಾ ಗಾಜಿನ ಸಾಧನದ ತಿರುಪು ತಿರುವಿದಳು. ವರ್ಜಿಲ್ ಮತ್ತೆ ಹೊಡೆದ. ಇನ್ನೊಂದು ಚೂರು ತಿರುವಿದಳು. ಕೊನೆಗೆ ಚರೆಗಳು ಕಾಗದದ ಮೇಲೆ ಬಿಡಿಸಿದ್ದ ಹಕ್ಕಿಯ ಕತ್ತನ್ನು ಜರಡಿ ಮಾಡಿದವು.

ಕಷ್ಟವಿದ್ದದ್ದು ಎಡ ಹೆಗಲನ್ನು ಪಳಗಿಸುವುದರಲ್ಲಿ. ತೋಟಾ ಇಲ್ಲದ ಕೋವಿಯನ್ನು ಎತ್ತುವುದು, ಕೆನ್ನೆ ಒತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಮುದುಕ ಒಂದು ದಿನವೂ ಬಿಡಲಿಲ್ಲ. ಬೇಲಿಯಾಚೆಯ ಡಾಯ್ಲ್ ಕಿಚಾಯಿಸಿದ: "ಏನಯ್ಯಾ ವರ್ಜಿಲ್, ಬಲಗಡೆಯ ಹಕ್ಕಿಗಳನ್ನೆಲ್ಲ ತಪ್ಪಿಸಿದ್ದಾಯ್ತು, ಇನ್ನು ಎಡಗಡೆಯವಾ?" ವರ್ಜಿಲ್ ಕೋವಿಯನ್ನು ಮತ್ತೆ ಎತ್ತಿದ. ಕಿಟಕಿಯಿಂದ ನೋಡುತ್ತಿದ್ದ ಮಾರ್ಲಾಗೆ, ತಾನು ಇಷ್ಟು ಹಟ ಹಿಡಿಯಬಲ್ಲೆನೇ ಅನ್ನಿಸಿತು.

ಬೇಟೆಯ ಕಾಲ ಶುರುವಾದ ಬೆಳಿಗ್ಗೆ ಇಬ್ಬರೂ ಓಕ್ ಮರಕ್ಕೆ ಒರಗಿ ಕೂತರು. ಮಾವನ ಕೂಗಿಗೆ ಗಂಡು ಹಕ್ಕಿ ಗುಟುರು ಹಾಕುತ್ತಾ ಬಂತು, ಬಾಲ ಬಿಚ್ಚಿ ಬೀಗಿತು. ಕೋವಿ ಎಡ ಹೆಗಲಿಗೆ ಏರಿತು. ಹೊಡೀರಿ ಮಾವ, ಎಂದು ಮಾರ್ಲಾಳ ಮನಸ್ಸು ಕೂಗುತ್ತಿತ್ತು. ಅವನು ಹೊಡೆಯಲಿಲ್ಲ. ಹಕ್ಕಿ ಇಳಿಜಾರಿನಲ್ಲಿ ಮರೆಯಾಯಿತು.

"ಯಾಕೆ ಬಿಟ್ರಿ?"

"ಅದರ ಹಿಂದೇನೇ ಹೆಣ್ಣು ಹಕ್ಕಿ ಇತ್ತು ಕಣೇ. ಚರೆ ಎಷ್ಟಗಲ ಹರಡ್ತದೆ ಅಂತ ಕಾಗದದಲ್ಲಿ ನೋಡಿದೀವಲ್ಲ. ಅದಕ್ಕೂ ತಾಗ್ತಿತ್ತು. ಮೊಟ್ಟೆ ಇಡೋ ಕಾಲದಲ್ಲಿ ಹೆಣ್ಣನ್ನ ಹೊಡೆಯಂಗಿಲ್ಲ."

ಇಡೀ ವರ್ಷ ಕಾದ ಗಳಿಗೆಯಲ್ಲಿ ಅದನ್ನು ಗಮನಿಸಿ ಬೆರಳು ತಡೆದರಲ್ಲ ಮಾವ, ಅಂದುಕೊಂಡಳು ಮಾರ್ಲಾ.

ವರ್ಜಿಲ್ ಹಳ್ಳ ಬಳಸಿ ಹೋಗಿ, ಇನ್ನೊಂದು ಕಡೆಯಿಂದ ಮೆಲ್ಲಗೆ ಕರೆದ. ಬಹಳ ಹೊತ್ತಿನ ಮೇಲೆ ಅದೇ ಗಂಡು ಹಕ್ಕಿ ಒಂಟಿಯಾಗಿ ಬಂದು ಕತ್ತು ನೀಳ ಮಾಡಿತು. ಒಂದೇ ಏಟು. ಹಕ್ಕಿ ನಿಂತಲ್ಲೇ ಮಡಿಯಿತು.

ಮುದುಕ ಎಡ ಹೆಗಲು ತಿಕ್ಕಿಕೊಳ್ಳುತ್ತಾ ನಕ್ಕ. "ನಾಳೆ ನೀನು ಹೊಡಿ ಮಗಳೇ. ನಾನು ಕರೀತೀನಿ."