ಹಿಮ್ಮುಖವಾಗಿ ನಡೆಯುತ್ತಿದ್ದ ಸಗಿನ್‌ಬೆಕ್

ಸಗಿನ್‌ಬೆಕ್ ಹಿಮ್ಮುಖವಾಗಿ ನಡೆಯುತ್ತಿದ್ದ. ನಾರಿನ್ ಸೀಮೆಯ ಹುಲ್ಲುಗಾವಲಿನಲ್ಲಿ, ಬೆಳಗಿನ ಮಂಜು ಕುದುರೆಗಳ ಮೊಣಕಾಲಿನವರೆಗೆ ತುಂಬಿ ನಿಂತಿರುವ ಹೊತ್ತಿನಲ್ಲಿ, ತಾನು ನಿರ್ದೇಶಿಸುತ್ತಿದ್ದ ನಟರ ಮುಖದಿಂದ ಕಣ್ಣು ಕೀಳಲಾರದೆ, ಅವರು ಒಂದು ಹೆಜ್ಜೆ ಮುಂದಿಟ್ಟರೆ ತಾನೊಂದು ಹೆಜ್ಜೆ ಹಿಂದೆ ಸರಿಯುತ್ತ, ಕನಸಿನಲ್ಲಿ ತೇಲುವವನ ಹಾಗೆ ದೂರದೂರ ಹೋಗಿಬಿಡುವನು. "ಮುಂದೆ ನೋಡ್ಕೊಂಡು ನಡಿಯೋ, ಲದ್ದಿ ತುಳೀತೀಯ" ಎಂದು ಛೇಡಿಸುವ ಸಲಿಗೆ ಬೂರುಲ್ ಒಬ್ಬಳಿಗೇ ಇತ್ತು. ಅವನ ಎಲ್ಲ ಚಿತ್ರಗಳಲ್ಲೂ ಅವನ ತಾಯಿಯ ಪಾತ್ರ ಮಾಡಿದವಳು ಅವಳು.

ಚಿತ್ರಗಳೆಲ್ಲ ಅವನದೇ ಬಾಳು. ನಾಯಕನಾಗಿ ಬಂದವನಿಗೆ ತನ್ನ ಹಳೆಯ ಬೂದುಬಣ್ಣದ ಕೋಟನ್ನೇ ತೊಡಿಸುವನು; ತೋಳು ಗಿಡ್ಡವಾದರೆ ಅದು ನಟನ ತಪ್ಪು. ಚಹದ ಬಟ್ಟಲನ್ನು ಎಡಗೈಯಲ್ಲಿ ಹಿಡಿದರೂ ಸಾಕು, "ನಡೆದದ್ದು ಹಂಗಲ್ಲಪ್ಪ" ಎನ್ನುವನು. ಧ್ವನಿ ಮುದ್ರಿಸುತ್ತಿದ್ದ ನನಗೆ ಆ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಒಂದೇ ಒಂದು ಸುಳ್ಳನ್ನು ಮಾತ್ರ ಅವನು ತಿದ್ದುತ್ತಿರಲಿಲ್ಲ. ನಮ್ಮಲ್ಲಿ ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುವ ರೂಢಿ. ಅಜ್ಜಿಯನ್ನು ಅವ್ವ ಎಂದೂ ಹೆತ್ತವಳನ್ನು ಅತ್ತಿಗೆ ಎಂದೂ ಕರೆದು ಬೆಳೆದವನು ಅವನು. ಅಜ್ಜಿ ಮಣ್ಣಾದ ಮೇಲೂ ಹೆತ್ತವಳನ್ನು ಅವ್ವ ಎನ್ನಲು ನಾಲಿಗೆ ಹೊರಳಲಿಲ್ಲ. ಸಿನಿಮಾದಲ್ಲಿ ಮಾತ್ರ, ಆ ಕೋಟು ತೊಟ್ಟವರೆಲ್ಲ ಹೆತ್ತವಳಾಗಿ ನಟಿಸುವ ಬೂರುಲ್‌ಳನ್ನು ಬಾಯ್ತುಂಬ ಅವ್ವ ಎನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಕೊನೆಯ ಚಿತ್ರ ತೆಗೆಯುವಾಗ ಹೆತ್ತತಾಯಿ ಅಜಾರ್, ಚರ್ಮದ ಚೀಲದಲ್ಲಿ ಹುಳಿಹಿಡಿದ ಕುದುರೆಹಾಲು ಹೊತ್ತು ಬಂದು, ಹುಲ್ಲಿನ ಮೇಲೆ ಕೂತು ನೋಡಿದಳು. ಪಟ್ಟಣಕ್ಕೆ ಹೊರಟ ಮಗನ ಪಾತ್ರದವನು ಬೂರುಲ್‌ಳ ಕೈ ಹಿಡಿದು, ಅವ್ವ, ಬರ್ತೀನಿ ಎಂದ. ಮುದುಕಿ ಸಗಿನ್‌ಬೆಕ್‌ನತ್ತ ತಿರುಗಿ ಮೆಲ್ಲಗೆ ಹೇಳಿದಳು:

"ನಡೆದದ್ದು ಹಂಗಲ್ಲಪ್ಪ. ಅತ್ತಿಗೆ ಅಂದಿದ್ದೆ ನೀನು."

ಬೂರುಲ್ ಪಾತ್ರಕ್ಕೆಂದು ತಲೆಗೆ ಸುತ್ತಿದ್ದ ಬಿಳಿವಸ್ತ್ರ ಬಿಚ್ಚಿ ಅಜಾರ್‌ಳ ಪಕ್ಕದಲ್ಲಿ ಕೂತಳು. "ಇವಳಿಗೆ ಸೇರಬೇಕಾದ್ದನ್ನ ಇಷ್ಟು ವರ್ಷ ನಾನು ಇಸ್ಕೊಂಡೆ ಕಣೋ. ಇನ್ನು ನೀನೇ ಕೊಡು" ಎಂದಳು.

ಸಗಿನ್‌ಬೆಕ್ ನಟನ ಮೈಯಿಂದ ಕೋಟು ಬಿಡಿಸಿ ತಾನೇ ತೊಟ್ಟ. ಅವನು ಮುಂದೆ ನೋಡಿ ನಡೆದದ್ದನ್ನು ನಾವು ಕಂಡದ್ದು ಅದೇ ಮೊದಲು. ತಾಯಿಯ ಎದುರು ಮಂಡಿಯೂರಿ ಅವ್ವ ಎಂದ. ಆ ಮಾತು ಅರ್ಧಕ್ಕೇ ಒಡೆಯಿತು. ನಾನು ಯಂತ್ರ ಮತ್ತೆ ಚಾಲೂ ಮಾಡುವುದನ್ನೇ ಮರೆತಿದ್ದೆ.

ತಮ್ಮ ಬಾಳನ್ನೇ ಸಿನಿಮಾ ಮಾಡುವವರು ಬಹುಶಃ ಹೀಗೆಯೇ: ತಮಗೆ ಬಾರದ ಒಂದು ಮಾತನ್ನು ಪರರ ಬಾಯಲ್ಲಿ ಆಡಿಸಿ ಆಡಿಸಿ, ಕೊನೆಗೊಂದು ದಿನ ತೊದಲುತ್ತ ತಾವೂ ಕಲಿಯುತ್ತಾರೆ. ಅಂದು ಅವನು ತಪ್ಪಾಗಿಯೇ ಉಚ್ಚರಿಸಿದ. ಮುದುಕಿ ತಿದ್ದಲಿಲ್ಲ.