ಕಿಡಿ ಹಾರದ ಬೆಸುಗೆ

ಆ ಬೀದಿಯ ಅರ್ಧಕ್ಕರ್ಧ ಗೇಟುಗಳು ಅವನ ಕೈಯಿಂದಲೇ ಬಂದವು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗೇಟಣ್ಣ. ಅಸಲಿ ಹೆಸರು ಪೋಸ್ಟ್‌ಮನ್‌ಗೂ ಮರೆತುಹೋಗಿತ್ತು. ಮನೆಯ ಹಿಂದಿನ ತಗಡಿನ ಶೆಡ್ಡು, ಅದರೊಳಗೊಂದು ಮಿಗ್ ವೆಲ್ಡಿಂಗ್ ಮಷೀನು. ಗುಂಡಿ ಒತ್ತಿದರೆ ಸುರುಳಿಯಿಂದ ತಂತಿ ತಾನಾಗಿ ಬರುತ್ತದೆ, ಚರಚರ ಸದ್ದಾಗುತ್ತದೆ, ಕಿಡಿ ಹಾರುತ್ತದೆ, ಕಬ್ಬಿಣ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಇನ್ನೊಂದು ಕೈ ಸುಮ್ಮನಿದ್ದರೂ ನಡೆಯುತ್ತದೆ. ಆ ಶೆಡ್ಡಿನಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ, ಯಾಕೆಂದರೆ ಅವನನ್ನು ಬಿಟ್ಟರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ತಂಗಿ ಬಂದಿಳಿದ ದಿನ ಗಾಡಿಯಿಂದ ಬಟ್ಟೆಯ ಚೀಲಕ್ಕಿಂತ ಮೊದಲು ಇಳಿದದ್ದು ಒಂದು ಟಿಗ್ ವೆಲ್ಡಿಂಗ್ ಮಷೀನು. ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿ ಅವಳು ಸ್ಟೀಲು ಬೆಸೆಯುತ್ತಿದ್ದಳು. ಕಾರ್ಖಾನೆ ದೂರದ ಊರಿಗೆ ಎದ್ದುಹೋಗುತ್ತಿತ್ತು. ಬರುವುದಾದರೆ ನಿನ್ನ ಜಾಗ ಅಲ್ಲಿ ಖಾಲಿ ಇಟ್ಟಿರುತ್ತೇವೆ ಎಂದಿದ್ದರಂತೆ. ಅವಳಿಗೆ ಹೋಗಲು ಮನಸ್ಸಿರಲಿಲ್ಲ.

"ಇಲ್ಲಿನ ಡೈರೀಲಿ ಹಾಲಿನ ಪೈಪೆಲ್ಲ ಬದಲಾಯಿಸ್ತಾರಂತೆ. ಕೆಲಸ ಬೇಕಾದಷ್ಟಿದೆ, ಆದ್ರೆ ಇಬ್ಬರು ಬೇಕು ಅಂತಾರೆ. ನೀನು ಟಿಗ್ ಕಲಿತರೆ ನಾನು ಇಲ್ಲೇ ಇರ್ತೀನಿ ಅಣ್ಣಾ," ಎಂದಳು ಕೂತ ಕೂಡಲೇ.

"ಮಿಗ್ ಇದ್ಯಲ್ಲೇ ಪುಟ್ಟಿ, ಅದರಲ್ಲೇ ಎಳೆದುಬಿಟ್ರಾಯ್ತು."

"ಹಾಲು ಹೋಗೋ ಪೈಪು ಕಣೋ. ಒಳಗಡೆ ಕೂದಲಷ್ಟು ಗಂಟಿದ್ರೂ ಅಲ್ಲಿ ಹಾಲು ನಿಂತು ಹುಳಿಯಾಗುತ್ತೆ. ನಿನ್ನ ಗೇಟಿಗೇನು, ಎಮ್ಮೆ ಬೆನ್ನು ಉಜ್ಜಿಕೊಂಡು ಹೋದ್ರೂ ನಡೆಯುತ್ತೆ."

"ಕಲೀದೆ ಹೋದ್ರೆ?"

"ಹೋದ್ರೆ ಕಾರ್ಖಾನೆ ಹಿಂದೇನೇ ಹೋಗ್ತೀನಿ. ಅಣ್ಣನ ಮನೇಲಿ ಉಂಡು ಮಲಗೋಕೆ ಬಂದವಳಲ್ಲ ನಾನು."

ಹೇಳಿದ ಮೇಲೆ ಹೇಳಿದ್ದೇ. ಅವಳ ಈ ಹಟದಲ್ಲಿ ಅವನಿಗೆ ಅವರಪ್ಪನ ಮುಖ ಕಾಣುತ್ತಿತ್ತು, ಕನ್ನಡಿಯಲ್ಲಿ ತನ್ನದೂ.

ಮರುದಿನದಿಂದ ಪಾಠ. ಬಲಗೈಯಲ್ಲಿ ಬೆಸುಗೆಯ ಟಾರ್ಚು, ಎಡಗೈಯಲ್ಲಿ ತೆಳುವಾದ ಸ್ಟೀಲ್ ಕಡ್ಡಿ, ಕಾಲಡಿಯಲ್ಲಿ ಶಾಖ ಏರಿಸಿ ಇಳಿಸುವ ಪೆಡಲು. ಟಾರ್ಚಿನ ಸೂಜಿಮೊನೆ ಕರಗಿದ ಲೋಹದ ಮೇಲೆ ತೇಲಬೇಕು, ಮುಟ್ಟಬಾರದು. ಮುಟ್ಟಿದರೆ ಅದರಲ್ಲಿ ಮುಳುಗಿ ಮೊಂಡಾಗುತ್ತದೆ. ಗೇಟಣ್ಣ ಮುಟ್ಟಿದ. ಮತ್ತೆ ಮುಟ್ಟಿದ. ಕೈ ನೆನಪಾದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಕಡ್ಡಿ ಎಲ್ಲೋ ಗಾಳಿಯಲ್ಲಿ ಅಲೆಯುತ್ತಿತ್ತು. ತಂಗಿ ಬಯ್ಯಲಿಲ್ಲ. ಪ್ರತಿ ಸಲವೂ ಮೊನೆಯನ್ನು ಕಲ್ಲಿಗೆ ಹಿಡಿದು ಚೂಪು ಮಾಡಿ ವಾಪಸ್ಸು ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎರಡು ಕೈ, ಒಂದು ಕಾಲು, ಮೇಲೊಂದು ಕಣ್ಣು! ಮನುಷ್ಯರು ಮಾಡೋ ಕೆಲಸವಾ ಇದು?" ಎಂದು ಊಟಕ್ಕೆ ಕೂತಾಗ ಗೊಣಗಿದ.

"ನಾನು ಹೊಲಿಗೆ ಮಷೀನಿನ ಮುಂದೆ ದಿನಾ ಮಾಡೋದು ಇನ್ನೇನು ರೀ?" ಎಂದಳು ಹೆಂಡತಿ, ತಟ್ಟೆಯಿಂದ ತಲೆಯೆತ್ತದೆ. "ಇಷ್ಟು ವರ್ಷದಲ್ಲಿ ಒಂದು ದಿನ ಆಹಾ ಅಂದಿದ್ದೀರಾ?"

ನಾದಿನಿ ಅತ್ತಿಗೆ ಇಬ್ಬರೂ ಸೇರಿ ನಕ್ಕರು. ಅವನೂ ನಕ್ಕ, ಆದರೆ ಒಳಗೊಳಗೇ ಆಗಲೇ ಅರ್ಧ ತೀರ್ಮಾನವಾಗಿತ್ತು: ಇದು ನನ್ನಿಂದಾಗುವುದಲ್ಲ, ಮಿಗ್ ಸಾಕು. ಉಳಿದ ಅರ್ಧವನ್ನು ಎಳೆದು ಹಿಡಿದಿದ್ದದ್ದು ತಂಗಿಯ ಕೆಲಸದ ಅಂದ.

ಕಪ್ಪು ಗಾಜಿನ ಹಿಂದಿನಿಂದ ಅವನು ಅದನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಿದ್ದ. ಅವಳು ಬೆಸೆಯುವಾಗ ಸದ್ದೇ ಇಲ್ಲ. ಒಂದು ಕಿಡಿಯೂ ಹಾರುವುದಿಲ್ಲ. ಬಟಾಣಿಯಷ್ಟು ಬೆಳಕಿನ ಕೆಳಗೆ ಸ್ಟೀಲು ನೀರಾಗಿ ಮಿನುಗುತ್ತದೆ. ಕಡ್ಡಿಯ ತುದಿ ಅದಕ್ಕೆ ಸೋಕಿ ಹಿಂದೆ ಸರಿಯುತ್ತದೆ, ಸೋಕಿ ಸರಿಯುತ್ತದೆ, ಅವಳ ಉಸಿರಿನ ಲೆಕ್ಕಕ್ಕೆ. ಹಿಂದೆ ಉಳಿಯುವ ಗೆರೆ ಬಿಗಿಯಾಗಿ ಹೆಣೆದ ಜಡೆಯಂತೆ, ಒಣಹುಲ್ಲಿನ ಬಣ್ಣದಲ್ಲಿ ಪೈಪನ್ನು ಸುತ್ತುತ್ತದೆ. ಉಜ್ಜಿ ನಯ ಮಾಡುವ ಅಗತ್ಯವೇ ಬೀಳದ ಬೆಸುಗೆಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಅವನ ಗೇಟುಗಳ ಮೇಲೆ ಗ್ರೈಂಡರು ಓಡಿದಷ್ಟು ಹೊತ್ತು ವೆಲ್ಡಿಂಗೂ ಓಡಿರಲಿಲ್ಲ.

ಡೈರಿಯ ಇಂಜಿನಿಯರ್ ಮೇಡಂ ಮಾದರಿ ನೋಡಲು ಬರುವವರಿದ್ದರು. ಹಿಂದಿನ ಸಂಜೆ ತಂಗಿ ಎರಡು ಪೈಪು ಜೋಡಿಸಿ ಬೆಸೆದು, ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದಳು. ಗೇಟಣ್ಣ ಅದನ್ನು ಎತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿದ. ಎಂಥ ಕೈ ಇವಳದು ಎಂದು ಎದೆ ತುಂಬಿ ಬಂತು. ಗೆರೆಯ ಪಕ್ಕದಲ್ಲಿ ಶಾಖದ ಒಂದು ತೆಳು ಮಬ್ಬು ಮಾತ್ರ ಉಳಿದಿತ್ತು. ಅಷ್ಟೂ ಇರಬಾರದು ಎಂದುಕೊಂಡು, ಮೊಳೆಗೆ ತೂಗುಹಾಕಿದ್ದ ತನ್ನ ತಂತಿಬ್ರಷ್ಷನ್ನು ತೆಗೆದು, ಮಗುವಿನ ಮುಖ ಒರೆಸುವ ಹಾಗೆ ಹಗುರವಾಗಿ ಉಜ್ಜಿದ. ಮಬ್ಬು ಹೋಯಿತು. ನೀರಲ್ಲಿ ತೊಳೆದು, ಕಿಟಕಿಯ ಕೆಳಗೆ ಒಣಗಲು ಇಟ್ಟು ಬಂದ. ಹೇಳಲಿಲ್ಲ. ಬೆಳಗ್ಗೆ ಇನ್ನಷ್ಟು ಹೊಳೆಯುವುದನ್ನು ಅವಳೇ ನೋಡಲಿ ಎಂದುಕೊಂಡ.

ಬೆಳಗ್ಗೆ ಮೇಡಂ ಹೇಳಿದ್ದಕ್ಕಿಂತ ಮುಂಚೆಯೇ ಬಂದರು. ಗಟ್ಟಿ ಬೂಟು, ಕಿವಿಯ ಹಿಂದೆ ಪೆನ್ನು, ಮಾತು ಕಡಿಮೆ. ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಇದೇನು, ತುಕ್ಕು?"

ಜಡೆಯ ಉದ್ದಕ್ಕೂ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು. ತಂಗಿ ಪೈಪನ್ನು ಇಸಿದುಕೊಂಡು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಇಲ್ಲ ಮೇಡಂ... ಒಳ್ಳೆ ಪೈಪು ಇದು. ಗಾಳಿ ಸೋಕದ ಹಾಗೆ ಒಳಗಡೆ ಗ್ಯಾಸ್ ತುಂಬಿಸೇ ಬೆಸೆದಿದ್ದೀನಿ. ಹೇಗೆ ಅಂತಾನೇ ಗೊತ್ತಾಗ್ತಿಲ್ಲ."

ಹೇಗೆಂದು ಗೇಟಣ್ಣನಿಗೆ ಗೊತ್ತಾಗಿತ್ತು. ಆ ಬ್ರಷ್ಷು ವರ್ಷಗಟ್ಟಲೆ ಬರೀ ಕಬ್ಬಿಣ ಉಜ್ಜಿದ್ದು. ಅದರ ಎಳೆಎಳೆಯಲ್ಲೂ ಕಬ್ಬಿಣದ ಪುಡಿ. ಆ ಪುಡಿಯನ್ನೇ ಅವನು ಪ್ರೀತಿಯಿಂದ ಸ್ಟೀಲಿನ ಮೈಗೆ ತಿಕ್ಕಿ, ಮೇಲೆ ನೀರೂ ಹಾಕಿ ಇಟ್ಟಿದ್ದ.

ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಸಿಕ್ಕಿತು. ಆ ಗಳಿಗೆಯಲ್ಲಿ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಸುಮ್ಮನಿದ್ದರೆ ಸಾಕು. ಕೆಲಸ ತಪ್ಪುತ್ತದೆ, ತಂಗಿ ಕಾರ್ಖಾನೆಯ ಹಿಂದೆ ಹೋಗುತ್ತಾಳೆ, ಕಲಿ ಎಂದು ಇನ್ನು ಯಾರೂ ಹೇಳುವುದಿಲ್ಲ. ಶೆಡ್ಡು ಮತ್ತೆ ಅವನೊಬ್ಬನದು. ಅವಳು ಮಾತ್ರ ಎಲ್ಲೋ ದೂರದಲ್ಲಿ, ತನ್ನ ಕೈಯನ್ನೇ ಅನುಮಾನಿಸುತ್ತ ಇರುತ್ತಾಳೆ.

ಆ ಕೈಯನ್ನು!

"ನಾನು ಮಾಡಿದ್ದು," ಎಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಅವಳ ಬೆಸುಗೇಲಿ ಒಂದು ಚೂರೂ ತಪ್ಪಿಲ್ಲ ಮೇಡಂ. ನಿನ್ನೆ ಅವಳಿಗೆ ಗೊತ್ತಿಲ್ದೆ ನಾನೇ ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿದೆ. ಚೆನ್ನಾಗಿ ಕಾಣಲಿ ಅಂತ."

ತಂಗಿ ತಿರುಗಿ ಅವನನ್ನು ದುರುಗುಟ್ಟಿ ನೋಡಿದಳು. "ಅಣ್ಣಾ! ಹಾಲಿನ ಪೈಪಿಗೆ ಗೇಟಿನ ಬ್ರಷ್ಷಾ?"

"ಬುದ್ಧಿ ಇರಲಿಲ್ಲ ಕಣೆ."

ಮೇಡಂ ಇಬ್ಬರನ್ನೂ ನೋಡಿದರು. "ಸರಿ. ನನ್ನ ಮುಂದೇನೇ ಇನ್ನೊಂದು ಮಾಡಿ. ಆದ್ರೆ ಮೇಜಿನ ಮೇಲಲ್ಲ. ಆ ಮೂಲೇಲಿ, ಗೋಡೆಗೆ ಒತ್ತಿಕೊಂಡ ಹಾಗೆ. ನಮ್ಮಲ್ಲಿ ಪೈಪಿರೋದೇ ಹಾಗೆ."

ಗೋಡೆಗೂ ಪೈಪಿಗೂ ನಡುವೆ ನಾಲ್ಕು ಬೆರಳಿನ ಜಾಗ. ಟಾರ್ಚು ಹೇಗೋ ತೂರುತ್ತದೆ, ತಲೆ ತೂರುವುದಿಲ್ಲ. ಹಿಂಬದಿಯನ್ನು ನೋಡುವುದಾದರೂ ಹೇಗೆ? ತಂಗಿ ತನ್ನ ಡಬ್ಬಿಯಿಂದ ಅಂಗೈಯಗಲದ ಕನ್ನಡಿ ತೆಗೆದು ಗೋಡೆಗೆ ಅಂಟಿಸಿದಳು. ಮಂಡಿಯೂರಿ ಕೂತಳು. ಮುಖವಾಡ ಇಳಿಸಿದಳು. ಗೇಟಣ್ಣ ಅವಳ ಹಿಂದೆಯೇ ಕುಕ್ಕರುಗಾಲಲ್ಲಿ ಕೂತು ತನ್ನದನ್ನೂ ಇಳಿಸಿದ.

ಬೆಳಕು ಹತ್ತಿತು, ಕನ್ನಡಿಯೊಳಗೆ. ಅಲ್ಲಿ ಎಲ್ಲವೂ ತಲೆಕೆಳಗು ವ್ಯವಹಾರ: ಎಡಕ್ಕೆ ಹೋಗುವುದು ಬಲಕ್ಕೆ ಕಾಣುತ್ತದೆ, ಹತ್ತಿರ ಬಂದದ್ದು ದೂರ ಸರಿದ ಹಾಗೆ. ಅವನ ಕೈ ಸುಮ್ಮನೆ ತೊಡೆಯ ಮೇಲಿದ್ದರೂ ಪ್ರತಿ ಸಲ ತಪ್ಪು ದಿಕ್ಕಿಗೆ ಮಿಡುಕುತ್ತಿತ್ತು. ಅವಳದು ಮಿಡುಕಲಿಲ್ಲ. ಸೋಕಿ ಸರಿಯಿತು, ಸೋಕಿ ಸರಿಯಿತು. ಕಣ್ಣು ಒಂದು ಸುಳ್ಳು ಹೇಳುತ್ತಿದ್ದರೆ ಕೈ ಅದನ್ನು ಅಲ್ಲಲ್ಲೇ ನಿಜಕ್ಕೆ ತಿರುಗಿಸಿಕೊಳ್ಳುತ್ತಿತ್ತು. ಇದನ್ನು ಕಲಿಯಲು ಅವಳು ಎಷ್ಟು ಪೈಪು ಹಾಳುಮಾಡಿರಬೇಕು, ಎಷ್ಟು ಮೊನೆ ಮುಳುಗಿಸಿರಬೇಕು ಎಂದು ಅವನಿಗೆ ಆಗ ಮೊದಲ ಸಲ ಹೊಳೆಯಿತು. ಹುಟ್ಟುತ್ತಲೇ ಬಂದ ಕೈಯಲ್ಲ ಇದು. ಹಾಗಾದರೆ ತನ್ನ ಮುಳುಗಿದ ಮೊನೆಗಳಲ್ಲೂ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.

ಮೇಡಂ ಪೈಪಿನ ಹಿಂದೆ ಬೆರಳು ತೂರಿಸಿ ಸುತ್ತಲೂ ಸವರಿದರು. ಮೊಬೈಲಿನ ಬೆಳಕು ಹಾಯಿಸಿ ಒಳಗೂ ನೋಡಿದರು. ಅವರ ತುಟಿ ಒಂದು ಕಡೆಗೆ ಚೂರು ಮೇಲೆದ್ದಿತು. ಅವರ ಲೆಕ್ಕದಲ್ಲಿ ಅದು ನಗುವೇ ಇರಬೇಕು.

"ಇಬ್ಬರು ಬೇಕು ಅಂದಿದ್ವಲ್ಲ. ಇನ್ನೊಬ್ಬರು ಯಾರು?"

ತಂಗಿ ಬಾಯಿ ತೆರೆಯುವ ಮೊದಲೇ ಗೇಟಣ್ಣ ಎದ್ದು ನಿಂತ. "ನಾನು. ಈಗ ಕಲೀತಾ ಇದ್ದೀನಿ, ಇವಳ ಹತ್ರ. ಇವಳು ಸರಿ ಅನ್ನೋವರೆಗೆ ಹಾಲಿನ ಪೈಪು ನನಗೆ ಕೊಡಬೇಡಿ."

"ಅಲ್ಲೀತನಕ ಏನು ಮಾಡ್ತೀರಿ?"

"ಪೈಪು ಕೊಯ್ದು, ಬಾಯಿಗೆ ಬಾಯಿ ಸಮ ಕೂರಿಸಿ ಹಿಡೀತೀನಿ. ಗೇಟು ಮಾಡಿದವನು ಮೇಡಂ, ಓರೆಕೋರೆ ಇದ್ರೆ ನನ್ನ ಕಣ್ಣು ಉರಿಯುತ್ತೆ."

"ಬ್ರಷ್ಷು?"

"ಹೊಸದು ತರ್ತೀನಿ. ಸ್ಟೀಲಿಂದೇ."

ಮೇಡಂ ಕಿವಿಯ ಹಿಂದಿನ ಪೆನ್ನು ತೆಗೆದರು. ಮುಂದಿನ ವಾರದಿಂದಲೇ ಶುರುಮಾಡಿ ಎಂದು ಹೇಳಿ ಹೋದರು.

ಅವರ ಗಾಡಿ ತಿರುವು ದಾಟುವ ಮೊದಲೇ ಅವನು ಶೆಡ್ಡು ಖಾಲಿ ಮಾಡಲು ನಿಂತಿದ್ದ. ಗ್ರೈಂಡರು, ಕಬ್ಬಿಣದ ಸರಳುಗಳು, ಕೊನೆಗೆ ಚಕ್ರದ ಮೇಲೆ ಗಡಗಡ ಉರುಳಿಸಿಕೊಂಡು ಮಿಗ್ ಮಷೀನು, ಎಲ್ಲ ಮನೆಯ ಮುಂದಿನ ತಗಡಿನ ಚಾವಣಿಯ ಕೆಳಗೆ ಹೋದವು. ಕಬ್ಬಿಣದ ಪುಡಿ ಇದ್ದ ಕಡೆ ಸ್ಟೀಲು ಇರಬಾರದು. ತಂಗಿ ಒದ್ದೆ ಬಟ್ಟೆ ಹಿಡಿದು ಮೇಜಿನ ಮೂಲೆಮೂಲೆ ಒರೆಸುತ್ತಿದ್ದಳು.

"ರೀ, ಗೇಟು ಬಿಟ್ಟುಬಿಟ್ರಾ?" ಎಂದಳು ಹೆಂಡತಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಯಾಕೆ ಬಿಡಲಿ? ಇಲ್ಲಿ ನಾನೇ ಮೇಷ್ಟ್ರು. ಒಳಗೆ ಮಾತ್ರ ಕೈ ಕಟ್ಟಿಕೊಂಡು ಕೂರೋದು."

ಅಷ್ಟರಲ್ಲಿ ಮೂಲೆಮನೆಯ ಡ್ರೈವರು ಮುರಿದ ಕೀಲು ಹಿಡಿದು ಬಂದ. "ಗೇಟಣ್ಣಾ, ಇದೊಂದು ಚೂರು ಚುರ್ರ್ ಅನ್ನಿಸಿಬಿಡು, ಎರಡು ನಿಮಿಷದ ಕೆಲಸ."

"ಮಧ್ಯಾಹ್ನದ ಮೇಲೆ ಬಾ ಮಾರಾಯ," ಎಂದ ಗೇಟಣ್ಣ, ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆಯುತ್ತ. "ಈಗ ನನಗೆ ಪಾಠ ಇದೆ."